‘ಸೇನೆಯವರು ಮಾಡಿದರು’ ಅಂದರೆ ಯಾರು? ಆದೇಶದ ಸರಪಳಿ ಹುಡುಕುವ ದಾರಿ

ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪ ಇರುವ ಯಾವುದೇ ವರದಿ ತೆಗೆದು ನೋಡಿ. ‘ಸೇನೆಯವರು ಬಂದರು’, ‘ಭದ್ರತಾ ಪಡೆಯವರು ಹೊಡೆದರು’, ‘ಸಮವಸ್ತ್ರದಲ್ಲಿದ್ದವರು ಎಳೆದುಕೊಂಡು ಹೋದರು’. ಮಾತು ಅಲ್ಲಿಗೇ ನಿಲ್ಲುತ್ತದೆ. ಯಾವ ಪಡೆ, ಅದರಲ್ಲಿ ಯಾವ ಬೆಟಾಲಿಯನ್, ಯಾವ ಕಂಪನಿ, ಅವತ್ತು ಅದನ್ನು ನಡೆಸುತ್ತಿದ್ದವರು ಯಾರು, ಅವರಿಗೆ ಮೇಲಿನಿಂದ ಹೇಳುವವರು ಯಾರು ಅನ್ನುವುದು ಬರುವುದೇ ಇಲ್ಲ. ಹತ್ತು ವರ್ಷ ಕಳೆದ ಮೇಲೆ ಕೋರ್ಟು ಕೇಳುವುದು ಮಾತ್ರ ಇದನ್ನೇ. ಮೇಲಿನಿಂದ ಕೆಳಗಿನವರೆಗಿನ ಈ ಕೊಂಡಿಗಳನ್ನೇ ಆದೇಶದ ಸರಪಳಿ ಅನ್ನುವುದು.

ನಾನು ಬೆಳಗಾವಿಯವಳು. ಅಪ್ಪ ಮರಾಠಾ ರೆಜಿಮೆಂಟಿನಲ್ಲಿ ಹವಾಲ್ದಾರ್ ಕ್ಲರ್ಕ್ ಆಗಿದ್ದು ನಿವೃತ್ತರಾದವರು. ನಮ್ಮ ಓಣಿಯಲ್ಲಿ ಫೌಜಿಗಳ ಮನೆಗಳೇ ಜಾಸ್ತಿ. ನಾನು ಈ ದಾಖಲೆ ಕೆಲಸ ಶುರು ಮಾಡಿದಾಗ ಎದುರು ಮನೆಯ ಕಾಕಾ, ಅವರೂ ಮಾಜಿ ಸೈನಿಕರೇ, ‘ಫೌಜಿ ಮನಿ ಮಗಳಾಗಿ ಫೌಜಿನ ಮ್ಯಾಲೆ ಬರಿತೀಯೇನವಾ?’ ಎಂದು ಬೇಸರದಿಂದ ಕೇಳಿದ್ದರು. ಅವರಿಗೆ ನಾನು ಮೀ ಲಾಯ್ ಕತೆ ಹೇಳಿದೆ. 1968ರ ಮಾರ್ಚ್ 16ರಂದು ವಿಯೆಟ್ನಾಮಿನ ಆ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ನೂರಾರು ಜನ ಸಾಮಾನ್ಯರನ್ನು ಕೊಂದರು. ಅಮೆರಿಕದ ಲೆಕ್ಕ 347, ವಿಯೆಟ್ನಾಂ ಲೆಕ್ಕ 504. ಆರೋಪ ಹೊರಿಸಿದ್ದು 26 ಜನರ ಮೇಲೆ. ಶಿಕ್ಷೆಯಾಗಿದ್ದು ಒಬ್ಬನಿಗೆ, ಪ್ಲಟೂನ್ ಎಂಬ ಸಣ್ಣ ತುಕಡಿ ನಡೆಸುತ್ತಿದ್ದ ಲೆಫ್ಟಿನೆಂಟ್ ವಿಲಿಯಂ ಕ್ಯಾಲಿಗೆ. ಅವನ ಮೇಲಿದ್ದ ಕ್ಯಾಪ್ಟನ್, ಕರ್ನಲ್, ಜನರಲ್ ಯಾರಿಗೂ ಜೈಲಾಗಲಿಲ್ಲ. ಸರಪಳಿಯನ್ನು ಸರಿಯಾಗಿ ಹುಡುಕದಿದ್ದರೆ ಎರಡೇ ದಾರಿ ಉಳಿಯುತ್ತದೆ, ಒಂದೋ ಕೆಳಗಿನ ಜವಾನ ಒಬ್ಬನೇ ಸಿಕ್ಕಿಬೀಳುತ್ತಾನೆ, ಇಲ್ಲಾ ಅಲ್ಲಿ ಇರದೇ ಇದ್ದ ಸಾವಿರಾರು ಸೈನಿಕರ ಮೇಲೂ ಕಲೆ ಬೀಳುತ್ತದೆ. ಈ ಕೆಲಸ ಫೌಜಿಗೂ ಬೇಕು, ಸತ್ತವರ ಮನೆಯವರಿಗೂ ಬೇಕು. ಕಾಕಾ ಒಪ್ಪಿದರೋ ಇಲ್ಲವೋ ಹೇಳಲಿಲ್ಲ, ಆದರೆ ಆಮೇಲೆ ರ‍್ಯಾಂಕಿನ ವಿಷಯದಲ್ಲಿ ನನಗೆ ಡೌಟು ಬಂದಾಗೆಲ್ಲ ಕೂತು ಬಿಡಿಸಿ ಹೇಳಿದ್ದಾರೆ.

ನೀವು ಪತ್ರಕರ್ತರಿರಬಹುದು, ಕಾನೂನು ಓದುವವರಿರಬಹುದು, ಒಂದು ಕುಟುಂಬಕ್ಕೆ ಸಹಾಯ ಮಾಡುತ್ತಿರುವವರಿರಬಹುದು. ಒಂದು ಲ್ಯಾಪ್‌ಟಾಪ್, ಒಂದು ಸ್ಪ್ರೆಡ್‌ಶೀಟ್, ತಾಳ್ಮೆ. ಇಷ್ಟಿದ್ದರೆ ಶುರು ಮಾಡಬಹುದು.

ಮೊದಲು ಘಟನೆ, ಆಮೇಲೆ ಹೆಸರು

ತುಂಬಾ ಜನ ಮೊದಲೇ ಒಬ್ಬ ಅಧಿಕಾರಿಯ ಹೆಸರು ಹಿಡಿದುಕೊಂಡು ಬರುತ್ತಾರೆ. ಹಾಗೆ ಮಾಡಬೇಡಿ. ಹೆಸರು ಮೊದಲೇ ತಲೆಯಲ್ಲಿ ಕೂತರೆ ಸಿಕ್ಕಿದ್ದೆಲ್ಲ ಅದಕ್ಕೇ ಹೊಂದುವಂತೆ ಕಾಣುತ್ತದೆ. ಒಂದು ಹಾಳೆಯಲ್ಲಿ ಘಟನೆಯನ್ನಷ್ಟೇ ಬರೆಯಿರಿ. ಏನಾಯಿತು, ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ, ಯಾರಿಗೆ ಆಯಿತು, ಯಾರು ನೋಡಿದರು. ರಾತ್ರಿ ಹನ್ನೆರಡರ ಆಚೀಚೆ ಆಗಿದ್ದರೆ ಎರಡೂ ತಾರೀಕು ಬರೆಯಿರಿ. ಒಂದೇ ದಿನದ ತಪ್ಪಿನಿಂದ ಇಡೀ ಸರಪಳಿ ಬೇರೆಯವರ ಕೊರಳಿಗೆ ಬೀಳಬಹುದು, ಅದನ್ನು ಮುಂದೆ ಹೇಳುತ್ತೇನೆ.

ಜಾಗದ ಹೆಸರಿನಲ್ಲಿ ಜಾಸ್ತಿ ಹೊತ್ತು ಕಳೆಯಿರಿ. ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. 2014ರ ನವೆಂಬರ್ 1ರವರೆಗೆ ಬೆಳಗಾವಿ ಸರ್ಕಾರಿ ಕಾಗದದಲ್ಲಿ ಬೆಳಗಾಂ ಆಗಿತ್ತು, ವಿಜಯಪುರ ಬಿಜಾಪುರ ಆಗಿತ್ತು. ಇನ್ನೊಂದು ಬಿಜಾಪುರ ಛತ್ತೀಸಗಢದಲ್ಲಿದೆ, ಅದೂ ಜಿಲ್ಲೆಯೇ. 2012ರ ಜೂನ್ 28ರ ರಾತ್ರಿ ಆ ಜಿಲ್ಲೆಯ ಸರ್ಕೆಗುಡ ಎಂಬಲ್ಲಿ ಸಿಆರ್‌ಪಿಎಫ್ ಮತ್ತು ಅಲ್ಲಿನ ಪೊಲೀಸರ ಕಾರ್ಯಾಚರಣೆಯಲ್ಲಿ 17 ಜನ ಸತ್ತರು. ಮೊದಲು ನಕ್ಸಲರು ಸತ್ತರು ಅಂದರು. ನಿವೃತ್ತ ನ್ಯಾಯಮೂರ್ತಿ ವಿ.ಕೆ. ಅಗರ್ವಾಲ್ ಅವರ ಆಯೋಗದ ವರದಿ 2019ರಲ್ಲಿ ಹೊರಬಂತು, ಸತ್ತವರು ನಕ್ಸಲರು ಅನ್ನುವುದಕ್ಕೆ ತೃಪ್ತಿಕರ ಸಾಕ್ಷ್ಯ ಇಲ್ಲ ಎಂದಿತು. ಹಳೆಯ ಸುದ್ದಿಗಳಲ್ಲಿ ಬರೀ ‘ಬಿಜಾಪುರ’ ಅಂತ ಹುಡುಕಿದರೆ ಗೋಳಗುಮ್ಮಟವೂ ಬರುತ್ತದೆ, ಬಸ್ತರದ ಕಾಡೂ ಬರುತ್ತದೆ. ಹಾಗಾಗಿ ಜಾಗಕ್ಕೆ ರಾಜ್ಯ, ಜಿಲ್ಲೆ, ತಾಲ್ಲೂಕು, ಹಳ್ಳಿ ಎಲ್ಲವನ್ನೂ ಬೇರೆ ಬೇರೆ ಕಾಲಂನಲ್ಲಿ ಹಾಕಿ, ಅಕ್ಷಾಂಶ ರೇಖಾಂಶ ಬರೆಯಿರಿ, ಆ ಊರಿಗೆ ಯಾರ್‍ಯಾರು ಏನೇನು ಹೆಸರು ಹೇಳುತ್ತಾರೋ ಅಷ್ಟನ್ನೂ ಪಕ್ಕದಲ್ಲಿ ಇಡಿ. ಮೀ ಲಾಯ್‌ಗೂ ಹೀಗೇ ಆಗಿತ್ತು. ಅಲ್ಲಿಯ ಜನರಿಗೆ ಅದು ಸೋನ್ ಮೀ ಗ್ರಾಮದ ಒಂದು ಭಾಗ, ಅಮೆರಿಕದ ಸೈನಿಕರ ಬಾಯಲ್ಲಿ ಆ ಪ್ರದೇಶ ‘ಪಿಂಕ್‌ವಿಲ್’. ಎರಡು ಹೆಸರೂ ಒಂದೇ ನೆಲ ಅಂತ ಗೊತ್ತಿಲ್ಲದವರಿಗೆ ಎರಡು ಘಟನೆ ಕಾಣಿಸುತ್ತದೆ.

ಬಂದವರು ಯಾವ ಪಡೆಯವರು?

ಇದು ಸಾಕ್ಷಿ ಹೇಳುವವರ ಹತ್ತಿರ ಕೂತು ಮಾಡುವ ಕೆಲಸ. ‘ಅವರು ಇಂಥ ರೆಜಿಮೆಂಟಿನವರಾ?’ ಎಂದು ಕೇಳಿದರೆ ‘ಹೌದು’ ಅಂತಲೇ ಉತ್ತರ ಬರುತ್ತದೆ. ಹೆದರಿದ ಮನುಷ್ಯ, ದುಃಖದಲ್ಲಿರುವ ತಾಯಿ, ನಿಮಗೆ ಬೇಕಾದ ಉತ್ತರ ಕೊಟ್ಟು ಮುಗಿಸಿಬಿಡುತ್ತಾರೆ. ತೆರೆದ ಪ್ರಶ್ನೆ ಕೇಳಿ. ತಲೆ ಮೇಲೆ ಏನಿತ್ತು, ಟೋಪಿಯೋ ಹೆಲ್ಮೆಟ್ಟೋ ಪೇಟವೋ? ಬಣ್ಣ ಏನು? ತೋಳಿನ ಮೇಲೆ ಏನಾದರೂ ಚಿತ್ರ ಇತ್ತಾ? ಯಾವ ಭಾಷೆಯಲ್ಲಿ ಮಾತಾಡಿಕೊಂಡರು? ಒಬ್ಬರು ಇನ್ನೊಬ್ಬರನ್ನು ಏನೆಂದು ಕರೆದರು? ‘ಸಾಬ್’ ಅನ್ನಿಸಿಕೊಂಡವರು ಯಾರು, ಅವರು ಹೇಳಿದ ಮೇಲೆ ಉಳಿದವರು ಏನು ಮಾಡಿದರು? ಗಾಡಿ ಯಾವುದು, ಎಷ್ಟು ಬಂದವು, ಯಾವ ಕಡೆಯಿಂದ ಬಂದು ಯಾವ ಕಡೆ ಹೋದವು? ಈ ಕೊನೆಯ ಪ್ರಶ್ನೆ ಬಿಡಲೇಬೇಡಿ. ಎಷ್ಟೋ ಸಲ ಸಮವಸ್ತ್ರಕ್ಕಿಂತ ಗಾಡಿ ತಿರುಗಿದ ದಾರಿಯೇ ಯಾವ ಕ್ಯಾಂಪಿನವರು ಅನ್ನುವುದನ್ನು ಹೇಳುತ್ತದೆ.

ಬರೀ ಬಟ್ಟೆ ನಂಬಬೇಡಿ. ಮಿಲಿಟರಿ ನಮೂನೆಯ ಬಟ್ಟೆ ಬಜಾರಿನಲ್ಲಿ ಸಿಗುತ್ತಿತ್ತು, ಕಾಲೇಜು ಹುಡುಗರೂ ಹಾಕಿಕೊಂಡು ತಿರುಗುತ್ತಿದ್ದರು. ಆದರೆ ಬಟ್ಟೆ ಒಂದು ಕೆಲಸಕ್ಕೆ ಬರುತ್ತದೆ, ಫೋಟೋದ ಕಾಲ ಹಿಡಿಯುವುದಕ್ಕೆ. ಭಾರತೀಯ ಸೇನೆ ಈಗಿನ ಡಿಜಿಟಲ್ ಚುಕ್ಕೆಯ ಸಮವಸ್ತ್ರವನ್ನು ಮೊದಲ ಸಲ ತೋರಿಸಿದ್ದು 2022ರ ಜನವರಿ 15ರ ಸೇನಾ ದಿನದಂದು. ಆ ಬಟ್ಟೆಯ ಸೈನಿಕರು ಇರುವ ಫೋಟೋ ‘2018ರದ್ದು’ ಎಂದು ವಾಟ್ಸಾಪ್‌ನಲ್ಲಿ ಬಂದರೆ ಅದನ್ನು ಪಕ್ಕಕ್ಕಿಡಿ.

ಹೆಗಲ ಮೇಲಿನ ಗುರುತು ಓದಲು ಕಲಿಯಿರಿ, ಒಂದು ಸಂಜೆ ಸಾಕು. ಎರಡು ನಕ್ಷತ್ರ ಲೆಫ್ಟಿನೆಂಟ್, ಮೂರು ನಕ್ಷತ್ರ ಕ್ಯಾಪ್ಟನ್, ಬರೀ ಸಿಂಹದ ಲಾಂಛನ ಮೇಜರ್, ಲಾಂಛನದ ಜೊತೆ ಒಂದು ನಕ್ಷತ್ರ ಲೆಫ್ಟಿನೆಂಟ್ ಕರ್ನಲ್, ಎರಡಿದ್ದರೆ ಕರ್ನಲ್, ಮೂರಿದ್ದರೆ ಬ್ರಿಗೇಡಿಯರ್. ಕಾಲರಿನ ಮೇಲೆ ಕೆಂಪು ಪಟ್ಟಿ ಕಂಡರೆ ಕರ್ನಲ್ ಅಥವಾ ಅದಕ್ಕಿಂತ ಮೇಲಿನವರು. ಪೊಲೀಸರ ಗುರುತುಗಳೂ ಇದನ್ನೇ ಹೋಲುತ್ತವೆ, ಜಿಲ್ಲೆಯ ಎಸ್‌ಪಿ ಹೆಗಲ ಮೇಲೂ ಲಾಂಛನ ಮತ್ತು ಒಂದು ನಕ್ಷತ್ರ ಇರುತ್ತದೆ. ಆದ್ದರಿಂದ ನಕ್ಷತ್ರ ಎಣಿಸುವ ಮೊದಲು ಯಾವ ಪಡೆ ಅನ್ನುವುದು ಖಾತ್ರಿಯಾಗಬೇಕು.

ಏಣಿ ಹತ್ತುವುದು

ನಮ್ಮ ಸೇನೆಯ ಏಣಿ ಸುಮಾರಾಗಿ ಹೀಗಿದೆ. ಹತ್ತು ಜನರ ಸೆಕ್ಷನ್, ಅಂಥ ಮೂರು ಸೇರಿ ಪ್ಲಟೂನ್, ಪ್ಲಟೂನ್‌ಗಳು ಸೇರಿ ಸುಮಾರು 120 ಜನರ ಕಂಪನಿ, ಕಂಪನಿಗಳು ಸೇರಿ ಸುಮಾರು 800 ಜನರ ಬೆಟಾಲಿಯನ್. ಫೌಜಿಗಳು ಅದನ್ನು ಪಲ್ಟನ್ ಅನ್ನುತ್ತಾರೆ. ಕಂಪನಿ ಮೇಜರ್ ಕೈಯಲ್ಲಿ, ಪಲ್ಟನ್ ಕರ್ನಲ್ ಕೈಯಲ್ಲಿ. ಅದರ ಮೇಲೆ ಬ್ರಿಗೇಡ್, ಡಿವಿಜನ್, ಕೋರ್, ಕಮಾಂಡ್. ಇದು ಎಲ್ಲರಿಗೂ ಗೊತ್ತಾಗುವಂಥದ್ದು. ತಪ್ಪಾಗುವುದು ಬೇರೆ ಕಡೆ.

ಬೆಳಗಾವಿಯ ಮರಾಠಾ ಸೆಂಟರ್ ನೋಡಿ. ಗೇಟಿನ ಮೇಲೆ ಮರಾಠಾ ಲೈಟ್ ಇನ್‌ಫೆಂಟ್ರಿ ಎಂದಿದೆ. ಒಂದು ಮರಾಠಾ ಬೆಟಾಲಿಯನ್ ದೂರದ ರಾಜ್ಯದಲ್ಲಿ ಏನೋ ಮಾಡಿತು ಅಂತ ಆರೋಪ ಬಂದರೆ, ಹೊಸಬರು ತಕ್ಷಣ ಬಾಣ ಎಳೆಯುವುದು ಬೆಳಗಾವಿಯ ಸೆಂಟರಿನ ಕಮಾಂಡಂಟ್ ಕಡೆಗೆ. ಅದು ತಪ್ಪು. ಸೆಂಟರ್ ಹೊಸ ಹುಡುಗರಿಗೆ ತರಬೇತಿ ಕೊಡುತ್ತದೆ, ದಾಖಲೆ ಇಡುತ್ತದೆ. ಪಲ್ಟನ್ ಗಡಿಯಲ್ಲಿದ್ದಾಗ ಅದಕ್ಕೆ ಆದೇಶ ಕೊಡುವುದು ಅಲ್ಲಿಯ ಬ್ರಿಗೇಡ್. ಒಂದೇ ರೆಜಿಮೆಂಟಿನ ಎರಡು ಪಲ್ಟನ್ ದೇಶದ ಎರಡು ತುದಿಯಲ್ಲಿ ಎರಡು ಬೇರೆ ಬೇರೆ ಬ್ರಿಗೇಡಿನ ಕೆಳಗೆ ಇರಬಹುದು. ಮನೆ ಒಂದು, ಮಾತು ಕೇಳುವುದು ಇನ್ನೊಬ್ಬರದು. ಹಾಗಾಗಿ ಪ್ರತಿ ಪಡೆಗೂ ಎರಡು ಗೆರೆ ಎಳೆಯಿರಿ. ಒಂದು, ಅದು ಆಡಳಿತಕ್ಕೆ ಯಾರ ಕೆಳಗಿದೆ. ಇನ್ನೊಂದು, ಆ ದಿನ ಆ ಜಾಗದಲ್ಲಿ ಕೆಲಸಕ್ಕೆ ಯಾರ ಕೆಳಗಿತ್ತು. ನಮಗೆ ಬೇಕಾದದ್ದು ಬಹುತೇಕ ಎರಡನೆಯದು.

ಕಾಶ್ಮೀರದ ಆರೋಪಗಳಲ್ಲಿ ಸೇನೆಯದೇ ಆದ ರಾಷ್ಟ್ರೀಯ ರೈಫಲ್ಸ್ ಎಂಬ ಪಡೆಯ ಹೆಸರು ಬರುತ್ತದೆ. ಅದರ ಬೆಟಾಲಿಯನ್‌ಗಳಿಗೆ ಜನ ಬರುವುದು ಬೇರೆ ಬೇರೆ ರೆಜಿಮೆಂಟ್‌ಗಳಿಂದ. ಆದರೆ ಅವುಗಳ ಏಣಿ ಬೇರೆ. ಬೆಟಾಲಿಯನ್ ಮೇಲೆ ಸೆಕ್ಟರ್, ಅದರ ಮೇಲೆ ವಿಕ್ಟರ್, ಕಿಲೋ, ರೋಮಿಯೋ ಮುಂತಾದ ಹೆಸರಿನ ಫೋರ್ಸ್, ಆಮೇಲೆ ಕೋರ್. ಸಿಆರ್‌ಪಿಎಫ್‌ನಲ್ಲಿ ಮತ್ತೊಂದು. ಕಂಪನಿಗೆ ಅಸಿಸ್ಟೆಂಟ್ ಕಮಾಂಡಂಟ್, ಬೆಟಾಲಿಯನ್‌ಗೆ ಕಮಾಂಡಂಟ್, ರೇಂಜ್‌ಗೆ ಡಿಐಜಿ, ಸೆಕ್ಟರ್‌ಗೆ ಐಜಿ, ದಿಲ್ಲಿಯಲ್ಲಿ ಡಿಜಿ. ನೋಡಿ, ‘ಸೆಕ್ಟರ್’ ಎಂಬ ಒಂದೇ ಪದ ಎರಡು ಪಡೆಗಳಲ್ಲಿ ಎರಡು ಬೇರೆ ಮೆಟ್ಟಿಲು. ಸರ್ಕೆಗುಡದಂತೆ ಜಂಟಿ ಕಾರ್ಯಾಚರಣೆ ಆಗಿದ್ದರೆ ಎರಡು ಏಣಿ ಪಕ್ಕಪಕ್ಕ ಬರೆಯಬೇಕು, ಸಿಆರ್‌ಪಿಎಫ್‌ನದು ಒಂದು, ರಾಜ್ಯ ಪೊಲೀಸರದು ಒಂದು. ಎರಡೂ ಎಲ್ಲಿ ಸೇರುತ್ತಿದ್ದವು, ಕಾರ್ಯಾಚರಣೆಯ ಯೋಜನೆ ಯಾರು ಮಾಡಿದರು ಅನ್ನುವುದನ್ನು ಮೂರನೆಯದಾಗಿ ಹುಡುಕಬೇಕು.

ತಾರೀಕು, ತಾರೀಕು, ತಾರೀಕು

ಮನುಷ್ಯ ಬೇರೆ, ರ‍್ಯಾಂಕ್ ಬೇರೆ, ಹುದ್ದೆ ಬೇರೆ. ಈ ಮೂರಕ್ಕೂ ಬೇರೆ ಬೇರೆ ಕಾಲಂ ಇಡಿ. ‘ಕರ್ನಲ್’ ಅನ್ನುವುದು ರ‍್ಯಾಂಕ್. ‘ಇಂಥ ಬೆಟಾಲಿಯನ್ನಿನ ಸಿಒ’, ಅಂದರೆ ಕಮಾಂಡಿಂಗ್ ಆಫೀಸರ್, ಅನ್ನುವುದು ಹುದ್ದೆ. ಮನುಷ್ಯ ಎರಡು ಮೂರು ವರ್ಷಕ್ಕೆ ಬದಲಾಗುತ್ತಾನೆ, ಹುದ್ದೆ ಅಲ್ಲೇ ಇರುತ್ತದೆ.

ನಾನು ಮೊದಮೊದಲು ಮಾಡಿದ ದೊಡ್ಡ ತಪ್ಪು ಇಲ್ಲೇ. ಒಂದು ಪತ್ರಿಕಾ ಸುದ್ದಿಯಲ್ಲಿ ಒಬ್ಬ ಅಧಿಕಾರಿಯನ್ನು ಬೆಟಾಲಿಯನ್ ಮುಖ್ಯಸ್ಥ ಎಂದು ಕರೆದಿದ್ದರು. ನಾನು ಆ ಹೆಸರನ್ನು ಅದಕ್ಕಿಂತ ಐದು ತಿಂಗಳ ಹಿಂದಿನ ಘಟನೆಗೆ ಜೋಡಿಸಿಬಿಟ್ಟೆ. ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಓದಿ, ‘ಯವ್ವಾ, ಆ ದಿನ ಅಂವಾ ಅಲ್ಲಿದ್ನೋ ಇಲ್ಲೋ ಮೊದಲ ಅದನ್ನ ನೋಡು. ಪೋಸ್ಟಿಂಗ್ ಕಾಗದ ಇಲ್ಲದ ಯಾವ ಫೌಜಿನೂ ಎಲ್ಲೂ ಇರೂದಿಲ್ಲ’ ಅಂದರು. ಹುಡುಕಿದರೆ ಆ ಅಧಿಕಾರಿ ಬಂದದ್ದೇ ಘಟನೆಯಾಗಿ ಎರಡು ತಿಂಗಳ ಮೇಲೆ. ಅದು ಹೊರಗೆ ಹೋಗಿರಲಿಲ್ಲ, ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏನೂ ಮಾಡದ ಒಬ್ಬರ ಮೇಲೆ ಕೊಲೆಯ ನೆರಳು ಹಾಕಲು ಹೊರಟಿದ್ದೆ.

ಅವತ್ತಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ, ನೀವೂ ಇಟ್ಟುಕೊಳ್ಳಿ. ಮಾರ್ಚ್ 3ರ ಸುದ್ದಿ ‘ಇವರು ಸಿಒ’ ಅಂದರೆ ಮಾರ್ಚ್ 3ರಂದು ಸಿಒ ಆಗಿದ್ದರು ಅಂತ ಮಾತ್ರ ಬರೆಯಿರಿ. ‘ಮೊದಲು ಕಂಡ ದಿನ’, ‘ಕೊನೆಗೆ ಕಂಡ ದಿನ’ ಎಂದು ಎರಡು ಕಾಲಂ ಮಾಡಿ. ಹೊಸ ಸುದ್ದಿ ಸಿಕ್ಕಂತೆ ಆ ಎರಡು ದಿನಗಳು ಆಚೀಚೆ ಸರಿಯುತ್ತವೆ. ಘಟನೆಯ ದಿನ ಅವುಗಳ ನಡುವೆ ಬಿದ್ದರೆ ಗಟ್ಟಿ. ಹೊರಗೆ ಬಿದ್ದರೆ ಇನ್ನೂ ಹುಡುಕಬೇಕು.

ಒಂದು ದಿನ ಎಷ್ಟು ದೊಡ್ಡದು ಅನ್ನುವುದಕ್ಕೆ ಮೀ ಲಾಯ್‌ಗೇ ಮತ್ತೆ ಬನ್ನಿ. ಕ್ಯಾಲಿಯ ಪ್ಲಟೂನ್ ಇದ್ದದ್ದು ಚಾರ್ಲಿ ಕಂಪನಿಯಲ್ಲಿ, ಅದರ ಮೇಲೆ ಕ್ಯಾಪ್ಟನ್ ಅರ್ನೆಸ್ಟ್ ಮೆಡಿನಾ. ಆ ಕಂಪನಿಯನ್ನು ಅದರ ಮೂಲ ಬೆಟಾಲಿಯನ್ನಿನಿಂದ ತೆಗೆದು ‘ಟಾಸ್ಕ್ ಫೋರ್ಸ್ ಬಾರ್ಕರ್’ ಎಂಬ ತಾತ್ಕಾಲಿಕ ಪಡೆಗೆ ಸೇರಿಸಿದ್ದರು, ಅದರ ಮೇಲೆ ಲೆಫ್ಟಿನೆಂಟ್ ಕರ್ನಲ್ ಫ್ರಾಂಕ್ ಬಾರ್ಕರ್. ಅದು 11ನೇ ಬ್ರಿಗೇಡಿನ ಕೆಳಗೆ, ಅದರ ಮೇಲೆ ಕರ್ನಲ್ ಓರನ್ ಹೆಂಡರ್ಸನ್. ಮೇಲೆ ಡಿವಿಜನ್, ಮೇಜರ್ ಜನರಲ್ ಸ್ಯಾಮುಯೆಲ್ ಕೋಸ್ಟರ್. ಹೆಂಡರ್ಸನ್ ಬ್ರಿಗೇಡ್ ವಹಿಸಿಕೊಂಡದ್ದು ಮಾರ್ಚ್ 15ರಂದು, ಹತ್ಯಾಕಾಂಡದ ಹಿಂದಿನ ದಿನ. ಮೂಲ ಬೆಟಾಲಿಯನ್ನಿನ ಪಟ್ಟಿ ನೋಡಿಕೊಂಡು ಬರೆದವರಿಗೆ ಬಾರ್ಕರ್ ಹೆಸರೇ ಸಿಗುವುದಿಲ್ಲ. ಒಂದು ವಾರ ಹಳೆಯ ಪಟ್ಟಿ ನೋಡಿದವರಿಗೆ ಹೆಂಡರ್ಸನ್ ಸಿಗುವುದಿಲ್ಲ.

ಸ್ರೆಬ್ರೆನಿಕಾದಲ್ಲೂ ಇದೇ ಜಗಳ. ಬೋಸ್ನಿಯಾದ ಆ ಊರು 1995ರ ಜುಲೈ 11ರಂದು ಬೋಸ್ನಿಯಾ ಸರ್ಬ್ ಸೇನೆಯ ಕೈಗೆ ಬಿತ್ತು. ಮುಂದಿನ ದಿನಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಗಂಡಸರು, ಹುಡುಗರನ್ನು ಕೊಂದರು. ಆ ಸೇನೆಯ ಜನರಲ್ ರಾಡಿಸ್ಲಾವ್ ಕ್ರಿಸ್ಟಿಚ್ ದ್ರಿನಾ ಕೋರ್‌ನ ಉಪಮುಖ್ಯಸ್ಥನಿಂದ ಮುಖ್ಯಸ್ಥ ಆದದ್ದು ಯಾವ ದಿನ ಅನ್ನುವುದರ ಮೇಲೆ ಕೋರ್ಟಿನಲ್ಲಿ ದೊಡ್ಡ ವಾದ ನಡೆಯಿತು. ಅವನ ಕಡೆಯವರು ಅದು ಒಂದು ವಾರ ಆಮೇಲೆ ಅಂದರು. ನ್ಯಾಯಾಧೀಶರು ಜುಲೈ 13ರ ಸಂಜೆ ಎಂದು ತೀರ್ಮಾನಿಸಿದರು. 2001ರಲ್ಲಿ 46 ವರ್ಷ ಶಿಕ್ಷೆಯಾಯಿತು, 2004ರ ಮೇಲ್ಮನವಿಯಲ್ಲಿ ಅದು 35 ವರ್ಷಕ್ಕೆ ಇಳಿಯಿತು. ಸ್ರೆಬ್ರೆನಿಕಾ ಪ್ರಕರಣಗಳಲ್ಲಿ ಸಾಕ್ಷ್ಯವಾಗಿ ಬಂದ ವಸ್ತುಗಳಲ್ಲಿ ಅದೇ ಸೇನೆಯ ಜ್ವೊರ್ನಿಕ್ ಬ್ರಿಗೇಡಿನ ಡ್ಯೂಟಿ ಆಫೀಸರ್ ಬರೆಯುತ್ತಿದ್ದ ನೋಟ್‌ಬುಕ್ ಒಂದು, ಗಾಡಿಗಳ ಲಾಗ್ ಪುಸ್ತಕ ಇನ್ನೊಂದು. ಡೀಸೆಲ್ ಎಷ್ಟು, ಯಾವ ಗಾಡಿ ಎಲ್ಲಿಗೆ ಅಂತ ದಿನನಿತ್ಯ ಬರೆದಿಟ್ಟ ಸಾಮಾನ್ಯ ಕಾಗದ.

ಎಲ್ಲಿ ಸಿಗುತ್ತದೆ ಇದೆಲ್ಲ?

ನಾನು ಹೇಳುವುದು ಬಹಿರಂಗವಾಗಿ ಇರುವುದನ್ನು ಮಾತ್ರ. ಕದ್ದ ಕಾಗದ, ಒಳಗಿನವರಿಂದ ಕೇಳಿ ಪಡೆದ ಗುಟ್ಟು ಬೇಡವೇ ಬೇಡ.

ಭಾರತ ಸರ್ಕಾರದ ಗೆಜೆಟ್‌ನ ಭಾಗ 1, ವಿಭಾಗ 4ರಲ್ಲಿ ರಕ್ಷಣಾ ಸಚಿವಾಲಯ ಅಧಿಕಾರಿಗಳ ನೇಮಕ, ಬಡ್ತಿಯ ಅಧಿಸೂಚನೆ ಹಾಕುತ್ತದೆ. ಅಲ್ಲಿ ಹೆಸರಿನ ಜೊತೆ ಐಸಿ ನಂಬರ್, ಅಂದರೆ ಆ ಅಧಿಕಾರಿಗೆ ಮಾತ್ರ ಸೇರಿದ ಸಂಖ್ಯೆ, ಇರುತ್ತದೆ. ಬೆಳಗಾವಿಯಲ್ಲಿ ‘ಪಾಟೀಲ್’ ಎಂದು ಕೂಗಿದರೆ ಎಷ್ಟು ಜನ ತಿರುಗಿ ನೋಡುತ್ತಾರೆ ಅನ್ನುವುದು ನಿಮಗೇ ಗೊತ್ತು, ಅದಕ್ಕೇ ಈ ನಂಬರ್ ಮುಖ್ಯ. ಶೌರ್ಯ ಪ್ರಶಸ್ತಿಯ ಪಟ್ಟಿಗಳಲ್ಲಿ ಹೆಸರು, ಪಡೆ, ಕೆಲವೊಮ್ಮೆ ಕಾರ್ಯಾಚರಣೆಯ ದಿನ ಮತ್ತು ಜಾಗ ಕೂಡ ಇರುತ್ತದೆ. ಪತ್ರಿಕಾ ಮಾಹಿತಿ ಕಚೇರಿಯ ಹೇಳಿಕೆಗಳಲ್ಲಿ ದೊಡ್ಡ ಹುದ್ದೆ ವಹಿಸಿಕೊಂಡ ದಿನ ಸಿಗುತ್ತದೆ.

ಸಣ್ಣ ಸುದ್ದಿಗಳನ್ನು ಬಿಡಬೇಡಿ. ಹಳ್ಳಿಯಲ್ಲಿ ಉಚಿತ ಆರೋಗ್ಯ ಶಿಬಿರ, ಶಾಲೆಗೆ ಕಂಪ್ಯೂಟರ್, ವಾಲಿಬಾಲ್ ಪಂದ್ಯ, ಧ್ವಜಾರೋಹಣ. ‘ಇಂಥ ಬೆಟಾಲಿಯನ್ನಿನ ಕಮಾಂಡಿಂಗ್ ಆಫೀಸರ್ ಬಹುಮಾನ ವಿತರಿಸಿದರು’ ಎಂಬ ಒಂದು ಸಾಲಿನಲ್ಲಿ ಪಡೆ, ಹುದ್ದೆ, ಮನುಷ್ಯ, ಜಾಗ, ದಿನ ಐದೂ ಬಂದುಬಿಟ್ಟವು. ಆ ಜಾಗದ ಭಾಷೆಯ ಪತ್ರಿಕೆಯಲ್ಲಿ ಹುಡುಕಬೇಕು, ಇಂಗ್ಲಿಷಿನಲ್ಲಿ ಇದು ಬರುವುದಿಲ್ಲ. ಗಡಿಭಾಗದ ನಮಗೆ ಕನ್ನಡ, ಮರಾಠಿ, ಹಿಂದಿ ಮೂರೂ ಬರುತ್ತದಲ್ಲ, ಈ ಕೆಲಸಕ್ಕೆ ಅದು ದೊಡ್ಡ ಬಲ. ಒಂದೇ ಹೆಸರು ಮೂರು ಲಿಪಿಯಲ್ಲಿ ಮೂರು ಥರ ಬರುತ್ತದೆ, ಮೂರನ್ನೂ ಬರೆದಿಡಿ. ಬೇರೆ ದೇಶಗಳ ಪಡೆಗಳ ಬಗ್ಗೆ ಹುಡುಕುವವರು ಸೆಕ್ಯುರಿಟಿ ಫೋರ್ಸ್ ಮಾನಿಟರ್ ಎಂಬ ಸಂಸ್ಥೆ ಮಾಡಿರುವ ಕೆಲಸ ನೋಡಿ. ಪ್ರತಿ ಸಣ್ಣ ಮಾಹಿತಿಗೂ ಮೂಲ ತೋರಿಸುವ ಪದ್ಧತಿ ಅವರಿಂದ ಕಲಿಯುವಂಥದ್ದು.

ಸಿಕ್ಕ ತಕ್ಷಣ ಉಳಿಸಿ. ವೆಬ್ ಪುಟಗಳು ಮಾಯವಾಗುತ್ತವೆ. ಹಳೆಯ ವೆಬ್ ಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮಷೀನ್‌ನಲ್ಲಿ ಒಂದು ಪ್ರತಿ, ನಿಮ್ಮ ಹತ್ತಿರ ಪಿಡಿಎಫ್ ಒಂದು. ವಿಡಿಯೋ, ಫೋಟೋ ಆದರೆ ಮೂಲ ಫೈಲನ್ನು ಮುಟ್ಟದೆ ಇಟ್ಟು ಅದರ ಹ್ಯಾಶ್ ತೆಗೆದು ಬರೆದಿಡಿ. ಹ್ಯಾಶ್ ಅಂದರೆ ಆ ಫೈಲಿನ ಬೆರಳಚ್ಚು, ಒಂದು ಚುಕ್ಕೆ ಬದಲಾದರೂ ಅದು ಬೇರೆಯಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ಕೇಳುತ್ತಾರೆ. ಇವತ್ತು ಎರಡು ನಿಮಿಷ ಕೊಟ್ಟರೆ ಮುಂದೆ ವಕೀಲರ ತಲೆನೋವು ಉಳಿಯುತ್ತದೆ. ವಾಟ್ಸಾಪ್‌ನಲ್ಲಿ ಸುತ್ತಿ ಬಂದ ವಿಡಿಯೋದಲ್ಲಿ ಮೂಲ ವಿವರ ಅಳಿಸಿಹೋಗಿರುತ್ತದೆ, ಆದ್ದರಿಂದ ತೆಗೆದವರ ಫೋನಿನಿಂದಲೇ ಪಡೆಯಲು ನೋಡಿ.

ಬಾಣ ಎಳೆದರೆ ಅಪರಾಧ ಸಾಬೀತಾಗುವುದಿಲ್ಲ

ಏಣಿ ಬರೆದಾಯಿತು, ಹೆಸರು ತುಂಬಿಯಾಯಿತು. ಈಗ ನಿಧಾನ ಮಾಡಿ. ಮೇಲಧಿಕಾರಿ ಆಗಿದ್ದ ಮಾತ್ರಕ್ಕೆ ತಪ್ಪಿತಸ್ಥ ಆಗುವುದಿಲ್ಲ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಹುಟ್ಟುಹಾಕಿದ 1998ರ ರೋಮ್ ಶಾಸನದ 28ನೇ ವಿಧಿ ಮೂರು ಪ್ರಶ್ನೆ ಕೇಳುತ್ತದೆ. ಆ ಪಡೆ ನಿಜವಾಗಿ ಅವನ ಹಿಡಿತದಲ್ಲಿತ್ತಾ? ಅವನಿಗೆ ಗೊತ್ತಿತ್ತಾ, ಅಥವಾ ಗೊತ್ತಿರಬೇಕಿತ್ತಾ? ತಡೆಯಲು, ಇಲ್ಲವೇ ತನಿಖೆಗೆ ಒಪ್ಪಿಸಲು ತನ್ನ ಕೈಲಾದದ್ದನ್ನು ಮಾಡಿದನಾ? ಭಾರತ ಆ ಶಾಸನಕ್ಕೆ ಸೇರಿಲ್ಲ. ಆದರೂ ಹುಡುಕಾಟಕ್ಕೆ ಈ ಮೂರು ಪ್ರಶ್ನೆ ಒಳ್ಳೆಯ ದಾರಿದೀಪ.

ಕಾಂಗೋದಲ್ಲಿ ಒಂದು ಸಶಸ್ತ್ರ ಗುಂಪಿನ ನಾಯಕನಾಗಿದ್ದ ಜಾನ್ ಪಿಯರ್ ಬೆಂಬಾ ಪ್ರಕರಣ ನೆನಪಿಡಿ. ಅವನ ಪಡೆ ಪಕ್ಕದ ದೇಶಕ್ಕೆ ಹೋಗಿ ಮಾಡಿದ ಅತ್ಯಾಚಾರ, ಕೊಲೆಗಳಿಗೆ 2016ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 18 ವರ್ಷ ಶಿಕ್ಷೆ ಕೊಟ್ಟಿತು. 2018ರ ಮೇಲ್ಮನವಿಯಲ್ಲಿ ಅವನು ಬಿಡುಗಡೆಯಾದ. ದೂರದಲ್ಲಿದ್ದ ಅವನಿಗೆ ಏನೇನು ಮಾಡಲು ಸಾಧ್ಯವಿತ್ತು, ಅವನು ಏನು ಮಾಡಿದ ಅನ್ನುವುದನ್ನು ಕೆಳಗಿನ ಕೋರ್ಟು ಸರಿಯಾಗಿ ತೂಗಲಿಲ್ಲ ಎಂದು ಬಹುಮತ ಹೇಳಿತು. ನನಗೆ ಆ ತೀರ್ಪು ಇವತ್ತಿಗೂ ನೋವು ಕೊಡುತ್ತದೆ, ಅಷ್ಟು ಜನ ಸಾಕ್ಷಿ ಹೇಳಿದ್ದರು. ದಾಖಲೆ ಮಾಡುವವರಿಗೆ ಅದರಿಂದ ಸಿಗುವ ಕೆಲಸ ಏನೆಂದರೆ, ‘ಗೊತ್ತಿತ್ತು’ ಮತ್ತು ‘ಮಾಡಬಹುದಿತ್ತು’ ಎಂಬ ಎರಡು ಕಾಲಂಗಳನ್ನೂ ಅಷ್ಟೇ ಶ್ರದ್ಧೆಯಿಂದ ತುಂಬಬೇಕು.

‘ಗೊತ್ತಿತ್ತು’ ಅನ್ನುವುದಕ್ಕೆ ಏನು ಹುಡುಕಬೇಕು? ದೂರು ಯಾವ ದಿನ ಯಾರ ಕೈಗೆ ಹೋಯಿತು. ಪತ್ರಿಕೆಯಲ್ಲಿ ಯಾವಾಗ ಬಂತು. ಸೇನೆಯೇ ಹೊರಡಿಸಿದ ಹೇಳಿಕೆ ಏನಿತ್ತು. ಮೀ ಲಾಯ್ ದಿನ ಅಮೆರಿಕದ ಸೇನೆ 128 ಶತ್ರುಗಳು ಸತ್ತರು ಎಂದು ಲೆಕ್ಕ ಕೊಟ್ಟಿತು. ಸಿಕ್ಕ ಬಂದೂಕು ಮೂರು. 128 ಜನರ ಕೈಯಲ್ಲಿ ಮೂರೇ ಬಂದೂಕಾ? ಈ ಪ್ರಶ್ನೆ ಆ ಸಂಜೆಯೇ ಮೇಲಿನ ಯಾರಿಗಾದರೂ ಬರಬೇಕಿತ್ತು. ಹೆಲಿಕಾಪ್ಟರ್ ಪೈಲಟ್ ಹ್ಯೂ ಥಾಂಪ್ಸನ್ ಕಣ್ಣಾರೆ ನೋಡಿ, ಜನರನ್ನು ಉಳಿಸಿ, ಅದೇ ದಿನ ಮೇಲಿನವರಿಗೆ ಹೇಳಿದ್ದ. ಆ ಮಾತು ಡಿವಿಜನ್ನಿನವರೆಗೂ ಹೋಯಿತು, ಆದರೆ ಮೆಟ್ಟಿಲು ಹತ್ತುತ್ತಾ ಹತ್ತುತ್ತಾ ಸವೆದುಹೋಯಿತು. ನೀವು ಏಣಿಯನ್ನು ಕೆಳಗಿನಿಂದ ಮೇಲಕ್ಕೆ ಹತ್ತುವಾಗ ಸುದ್ದಿಯೂ ಎಲ್ಲಿಯವರೆಗೆ ಹತ್ತಿತು ಅನ್ನುವುದನ್ನು ಪ್ರತಿ ಮೆಟ್ಟಿಲಿಗೂ ಗುರುತು ಹಾಕಿ.

ಪ್ರತಿ ಸಾಲಿಗೂ ಎಷ್ಟು ನಂಬಬಹುದು ಎಂದು ಬರೆಯಿರಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂಲ ಇದ್ದರೆ ಗಟ್ಟಿ, ಒಂದೇ ಇದ್ದರೆ ಸಾಧಾರಣ, ಊಹೆಯಾದರೆ ಊಹೆ. ಹತ್ತು ಪತ್ರಿಕೆ ಒಂದೇ ಏಜೆನ್ಸಿ ಸುದ್ದಿ ಹಾಕಿದ್ದರೆ ಅದು ಒಂದೇ ಮೂಲ.

ಇದನ್ನು ತೆಗೆದುಕೊಂಡು ಎಲ್ಲಿಗೆ ಹೋಗುವುದು?

ಮಾಹಿತಿ ಹಕ್ಕು ಕಾಯ್ದೆ, 2005. ಅರ್ಜಿಗೆ 10 ರೂಪಾಯಿ. ಸಿಆರ್‌ಪಿಎಫ್, ಬಿಎಸ್‌ಎಫ್, ಅಸ್ಸಾಂ ರೈಫಲ್ಸ್ ಮುಂತಾದ ಪಡೆಗಳು ಎರಡನೇ ಅನುಸೂಚಿಯಲ್ಲಿವೆ, ಕಾಯ್ದೆ ಅವಕ್ಕೆ ಅನ್ವಯಿಸುವುದಿಲ್ಲ ಎಂದು ಕೇಳಿ ಜನ ಕೈಬಿಡುತ್ತಾರೆ. 24ನೇ ಕಲಮು ಪೂರ್ತಿ ಓದಿ. ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಕ್ಕೆ ಸಂಬಂಧಿಸಿದ ಮಾಹಿತಿಗೆ ಆ ವಿನಾಯಿತಿ ಇಲ್ಲ. ಹಕ್ಕು ಉಲ್ಲಂಘನೆಯದಾದರೆ ಕೇಂದ್ರ ಮಾಹಿತಿ ಆಯೋಗದ ಒಪ್ಪಿಗೆ ಪಡೆದು 45 ದಿನದೊಳಗೆ ಕೊಡಬೇಕು. ಅರ್ಜಿಯ ಮೊದಲ ಸಾಲಿನಲ್ಲೇ ಇದು ಹಕ್ಕು ಉಲ್ಲಂಘನೆಯ ಆರೋಪಕ್ಕೆ ಸಂಬಂಧಿಸಿದ್ದು ಎಂದು ಬರೆಯಿರಿ. ಸೇನೆ ಆ ಅನುಸೂಚಿಯಲ್ಲೇ ಇಲ್ಲ, ಅವರು ಬೇಡ ಅನ್ನಬೇಕಾದರೆ 8ನೇ ಕಲಮಿನ ಕಾರಣ ಕೊಡಬೇಕು.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡುವುದಾದರೆ ಒಂದು ವರ್ಷದೊಳಗೆ ಕೊಡಿ, ಅದಾದ ಮೇಲೆ ಅವರು ವಿಚಾರಣೆ ಮಾಡುವಂತಿಲ್ಲ. ಸಶಸ್ತ್ರ ಪಡೆಗಳ ವಿಷಯದಲ್ಲಿ ಆಯೋಗ ತಾನೇ ತನಿಖೆ ಮಾಡಲಾರದು, 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆಯ 19ನೇ ಕಲಮಿನಂತೆ ಕೇಂದ್ರ ಸರ್ಕಾರದಿಂದ ವರದಿ ಕೇಳುತ್ತದೆ. ಆದ್ದರಿಂದಲೇ ನಿಮ್ಮ ದೂರಿನಲ್ಲಿ ಪಡೆಯ ಹೆಸರು, ಹುದ್ದೆ, ದಿನ ಸ್ಪಷ್ಟವಾಗಿ ಇರಬೇಕು. ‘ಸೇನೆಯವರು’ ಎಂದು ಬರೆದರೆ ‘ಆ ದಿನ ಅಲ್ಲಿ ನಮ್ಮವರು ಇರಲಿಲ್ಲ’ ಎಂದು ಉತ್ತರ ಬರುವುದು ಸುಲಭ.

ಅಫ್ಸ್ಪಾ, ಅಂದರೆ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ, ಜಾರಿಯಲ್ಲಿರುವ ಕಡೆ ಕೇಂದ್ರದ ಅನುಮತಿ ಇಲ್ಲದೆ ಮೊಕದ್ದಮೆ ಹೂಡುವಂತಿಲ್ಲ. ಇದು ದೊಡ್ಡ ಗೋಡೆ. ಹಾಗಂತ ದಾಖಲೆ ವ್ಯರ್ಥ ಅಲ್ಲ. ಮಣಿಪುರದಲ್ಲಿ ಸತ್ತವರ ಕುಟುಂಬದವರು 1528 ಸಾವುಗಳ ಪಟ್ಟಿ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. 2016ರ ಜುಲೈನಲ್ಲಿ ಕೋರ್ಟು ಆ ಆರೋಪಗಳನ್ನು ಪರಿಶೀಲಿಸಲೇಬೇಕು ಎಂದಿತು, 2017ರಲ್ಲಿ ಕೆಲವನ್ನು ಸಿಬಿಐಗೆ ಕೊಟ್ಟಿತು. ಹೆಣ್ಣುಮಕ್ಕಳು, ವಿಧವೆಯರು ವರ್ಷಗಟ್ಟಲೆ ಒಂದೊಂದೇ ಸಾವನ್ನು ಬರೆದಿಟ್ಟದ್ದರಿಂದ ಅದು ಆಯಿತು.

ಎಚ್ಚರಗಳು

ಕ್ಯಾಂಪಿನ ಗೋಡೆ, ಗೇಟು, ಗಾಡಿಗಳ ಫೋಟೋ ತೆಗೆಯಲು ಹೋಗಬೇಡಿ. 1923ರ ಅಧಿಕೃತ ರಹಸ್ಯ ಕಾಯ್ದೆ ಇದೆ. ಪಡೆ ಈಗ ಎಲ್ಲಿದೆ, ನಾಳೆ ಎಲ್ಲಿಗೆ ಹೋಗುತ್ತದೆ ಅನ್ನುವುದು ನಮಗೆ ಬೇಡವೇ ಬೇಡ. ನಮ್ಮ ಕೆಲಸ ನಡೆದುಹೋದ ಘಟನೆಯದು. ಅಧಿಕಾರಿಯ ಮನೆ ವಿಳಾಸ, ಹೆಂಡತಿ ಮಕ್ಕಳ ಫೋಟೋ ಕಣ್ಣಿಗೆ ಬಿದ್ದರೂ ಕಡತಕ್ಕೆ ಹಾಕಬೇಡಿ.

ಸಾಕ್ಷಿಯ ಹೆಸರು ಬೇರೆ ಫೈಲಿನಲ್ಲಿ, ಪಾಸ್‌ವರ್ಡ್ ಹಾಕಿ. ಮುಖ್ಯ ಕಡತದಲ್ಲಿ ‘ಸಾಕ್ಷಿ 4’ ಎಂದು ಮಾತ್ರ. ಅವರು ಒಪ್ಪಿದ್ದು ಯಾವುದಕ್ಕೆ ಅಂತ ಬರೆದಿಡಿ, ದಾಖಲೆಗಾ, ಕೋರ್ಟಿಗಾ, ಪತ್ರಿಕೆಗಾ. ನಾಳೆ ಅವರು ಬೇಡ ಅಂದರೆ ತೆಗೆದುಬಿಡಿ, ನಿಮ್ಮ ಸರಪಳಿಯ ಎಷ್ಟು ಮುಖ್ಯ ಕೊಂಡಿ ಆಗಿದ್ದರೂ ಸರಿ. ಊರಲ್ಲಿ ಉಳಿಯಬೇಕಾದವರು ಅವರು.

ಅಭ್ಯಾಸ ಎಲ್ಲಿಂದ ಶುರು ಮಾಡುವುದು

ಮೊದಲ ದಿನವೇ ಈಗಿನ ಘಟನೆಗೆ ಕೈ ಹಾಕಬೇಡಿ. ಮೀ ಲಾಯ್ ಕುರಿತು ಅಮೆರಿಕದ ಸೇನೆಯೇ ಮಾಡಿದ ಪೀರ್ಸ್ ತನಿಖೆಯ ವರದಿ ಬಹಿರಂಗವಾಗಿದೆ, ಅದರ ಮೇಲೆ ಒಂದು ತಿಂಗಳು ಕೆಲಸ ಮಾಡಿ. ನಮ್ಮ ಭಾಗದವರಿಗೆ ಇನ್ನೂ ಹತ್ತಿರದ್ದೊಂದಿದೆ. ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನ ಹಲಗಲಿ. 1857ರಲ್ಲಿ ಆಯುಧ ಒಪ್ಪಿಸಿ ಎಂಬ ಆದೇಶವನ್ನು ಬೇಡರು ಒಪ್ಪಲಿಲ್ಲ, ಬ್ರಿಟಿಷರ ಪಡೆ ಊರಿಗೆ ನುಗ್ಗಿ ಬೆಂಕಿ ಹಚ್ಚಿತು, ಸೆರೆ ಸಿಕ್ಕವರಲ್ಲಿ ಕೆಲವರನ್ನು ಗಲ್ಲಿಗೇರಿಸಿದರು. ಅದನ್ನು ನಮ್ಮ ಕಡೆ ಲಾವಣಿಯಾಗಿ ಹಾಡುತ್ತಾರೆ. ಲಾವಣಿಯನ್ನು ಸಾಕ್ಷಿಯ ಮಾತು ಎಂದು ಒಂದು ಕಡೆ ಇಡಿ. ಮುಂಬೈಯ ಪತ್ರಾಗಾರದಲ್ಲಿ ಆಗಿನ ಬಾಂಬೆ ಸರ್ಕಾರದ ಕಾಗದಗಳಿವೆ, ಅದನ್ನು ಸೇನೆಯ ಮಾತು ಎಂದು ಇನ್ನೊಂದು ಕಡೆ ಇಡಿ. ಆಯುಧ ಕಸಿಯುವ ಕಾಯ್ದೆ ಮಾಡಿದವರು, ಅದನ್ನು ಇಲ್ಲಿ ಜಾರಿಗೆ ತಂದವರು, ಕುದುರೆ ದಳ ಕಳಿಸಿದವರು, ಬೆಂಕಿ ಹಚ್ಚಲು ಹೇಳಿದವರು, ಹಚ್ಚಿದವರು, ಗಲ್ಲಿಗೆ ಸಹಿ ಹಾಕಿದವರು. ಆರು ಸಾಲು, ಪ್ರತಿ ಸಾಲಿಗೂ ಮನುಷ್ಯ, ರ‍್ಯಾಂಕ್, ಹುದ್ದೆ, ದಿನ, ಮೂಲ. ನಾನು ಎರಡು ವರ್ಷದಿಂದ ಬಿಡುವಾದಾಗ ಇದನ್ನು ತುಂಬುತ್ತಿದ್ದೇನೆ. ಬೆಂಕಿ ಹಚ್ಚಲು ಹೇಳಿದವರ ಸಾಲಿನಲ್ಲಿ ಮೂಲದ ಕಾಲಂಗೆ ಕಾಗದ ಇನ್ನೂ ಸಿಕ್ಕಿಲ್ಲ. ಲಾವಣಿಯಲ್ಲಿ ಸಾಹೇಬರ ಹೆಸರು ಬರುತ್ತದೆ, ಕಾಗದ ಸಿಗುವವರೆಗೆ ಅದನ್ನು ‘ಸಾಧಾರಣ’ ಎಂದೇ ಇಟ್ಟಿದ್ದೇನೆ.